ಯೋಗ್ಯಕರ್ತದಲ್ಲಿ ವಿದ್ಯಾರ್ಥಿಗಳಿಗೆ ಬಾಟಿಕ್: ಎರಡು ಗಂಟೆ ಸಾಕೇ?

ಪ್ರಶ್ನೆ:
ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಬರುವ ರಜೆಯಲ್ಲಿ 18 ವಿದ್ಯಾರ್ಥಿಗಳನ್ನು ಏಳು ದಿನಗಳ ಮಟ್ಟಿಗೆ ಇಂಡೊನೇಷ್ಯಾದ ಯೋಗ್ಯಕರ್ತಕ್ಕೆ ಕರೆದೊಯ್ಯಬೇಕೆಂದಿದ್ದೇವೆ. ಬೊರೊಬುದುರ್, ಪ್ರಂಬನನ್ ಎಂಬ ಪ್ರಾಚೀನ ದೇವಾಲಯಗಳನ್ನು ನೋಡುವುದು ಖಚಿತ. ಇವುಗಳ ಜೊತೆಗೆ ಏಜೆಂಟರು ಎರಡು ಗಂಟೆಯ ಬಾಟಿಕ್ (ಮೇಣದಿಂದ ವಿನ್ಯಾಸ ಬರೆದು, ಮೇಣವಿರುವಲ್ಲಿ ಬಣ್ಣ ಹತ್ತದಂತೆ ಬಟ್ಟೆಗೆ ಬಣ್ಣ ಹಾಕುವ ಕಲೆ) ತರಗತಿ, ಒಂದು ಗಂಟೆಯ ಕುಂಬಾರಿಕೆ, ಹಳ್ಳಿಯಲ್ಲೊಂದು ಊಟ ಎಂದು ಪಟ್ಟಿ ಕೊಟ್ಟಿದ್ದಾರೆ. ಮಕ್ಕಳು ಕರವಸ್ತ್ರದಷ್ಟು ಬಟ್ಟೆಗೆ ಬಣ್ಣ ಹಾಕಿ, ಫೋಟೊ ತೆಗೆಸಿಕೊಂಡು ಬಸ್ಸು ಹತ್ತಿದರೆ ಅದು ಕಲಿಕೆಯೇ ಎಂಬ ಅನುಮಾನ ನನ್ನದು. ಒಂದೇ ಕಸುಬಿಗೆ ಹೆಚ್ಚು ದಿನ ಕೊಟ್ಟರೆ ಪೋಷಕರು "ಇಷ್ಟು ದೂರ ಹೋಗಿ ನೋಡಿದ್ದು ಇಷ್ಟೇನಾ" ಎಂದಾರು. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ 1:
ಹಿಂದೊಮ್ಮೆ ನಾವು ಇಮೋಗಿರಿಯ ಬಳಿಯ ಗಿರಿಲೋಯೊ ಹಳ್ಳಿಯಲ್ಲಿ ಮೂರು ಬೆಳಗುಗಳನ್ನು ಬಾಟಿಕ್‌ಗೆಂದೇ ಮೀಸಲಿಟ್ಟಿದ್ದೆವು. ಚಾಂಟಿಂಗ್ ಎಂಬ ಪುಟ್ಟ ತಾಮ್ರದ ಬಟ್ಟಲಿಗೆ ಕೊಳವೆಯಂತಹ ಮೂತಿಯಿರುತ್ತದೆ. ಅದರಿಂದ ಕರಗಿದ ಮೇಣವನ್ನು ಬಟ್ಟೆಯ ಮೇಲೆ ಗೆರೆಯಾಗಿ ಹರಿಸಬೇಕು. ಮೇಣ ಹೆಚ್ಚು ಬಿಸಿಯಾದರೆ ಗೆರೆ ಹರಡುತ್ತದೆ, ತಣ್ಣಗಾದರೆ ನೂಲಿನೊಳಗೆ ಇಳಿಯದೆ ಮೇಲೆಯೇ ನಿಂತು ಮುಂದೆ ಬಣ್ಣವನ್ನು ಒಳಬಿಡುತ್ತದೆ. ಈ ಹದ ಕೈಗೆ ಸಿಗುವುದರೊಳಗೆ ನಮ್ಮ ಮೊದಲ ಬೆಳಗೇ ಕಳೆದುಹೋಯಿತು. ತರಗತಿಯಲ್ಲಿ ಅತ್ಯುತ್ತಮವಾಗಿ ಚಿತ್ರ ಬರೆಯುವ ಹುಡುಗನ ಬಟ್ಟೆಯ ಮೇಲೆಯೇ ಅತಿ ಹೆಚ್ಚು ಮೇಣದ ಹನಿಗಳು ಬಿದ್ದವು. ಅವನು ರಬ್ಬರಿನಿಂದ ಅಳಿಸುವಂತೆ ಅಭಿನಯಿಸಿ ತೋರಿಸಿದಾಗ ಅಲ್ಲಿನ ಹೆಂಗಸರು ಮನಸಾರೆ ನಕ್ಕರು. ಎರಡು ಗಂಟೆಯ ತರಗತಿಯಲ್ಲಿ ಮಕ್ಕಳಿಗೆ ಈ ಸೋಲು ದಕ್ಕುವುದೇ ಇಲ್ಲ.

ಆ ಹಳ್ಳಿಯ ಹಿನ್ನೆಲೆಯನ್ನೂ ಮಕ್ಕಳಿಗೆ ಮೊದಲೇ ಹೇಳಿ. ಒಂದು ಕಾಲಕ್ಕೆ ಅಲ್ಲಿನ ಹೆಂಗಸರು ವ್ಯಾಪಾರಿಗಳಿಗಾಗಿ ಕೂಲಿಗೆ ಮೇಣದ ಕೆಲಸವನ್ನಷ್ಟೇ ಮಾಡಿ, ಬಣ್ಣ ಕಾಣದ ಬಟ್ಟೆಯನ್ನು ಪೇಟೆಗೆ ಒಪ್ಪಿಸುತ್ತಿದ್ದರು. 2006ರ ಮೇ 27ರ ಭೂಕಂಪದ ನಂತರ ಅವರು ಗುಂಪುಗಳಾಗಿ ಸೇರಿ, ಬಣ್ಣ ಹಾಕುವುದನ್ನೂ ಮಾರುವುದನ್ನೂ ಕಲಿತರು. ಇದು ತಿಳಿದಿದ್ದರಿಂದಲೇ ನಮ್ಮ ವಿದ್ಯಾರ್ಥಿಗಳು "ಈ ಬಟ್ಟೆಯ ಹಣ ಯಾರಿಗೆ ಎಷ್ಟು ಹೋಗುತ್ತದೆ" ಎಂದು ಕೇಳಿದರು.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ 18 ಮಂದಿ ಒಟ್ಟಿಗೆ ನುಗ್ಗಿದರೆ ಆ ದಿನ ಅಲ್ಲಿ ಯಾರ ಕೆಲಸವೂ ಸಾಗುವುದಿಲ್ಲ. ಮೂರು ಗುಂಪು ಮಾಡಿ. ಕಲಿಸುವವರು ಅಂದು ಕಳೆದುಕೊಳ್ಳುವ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿದು ಸಂಭಾವನೆಯನ್ನು ಮೊದಲೇ ಮಾತಾಡಿಕೊಳ್ಳಿ. ಹಳ್ಳಿಯ ಮನೆಗಳಲ್ಲೇ ಉಳಿಯುವುದಾದರೆ, ಸ್ನಾನದ ತೊಟ್ಟಿಯಿಂದ ನೀರನ್ನು ಮೊಗೆದು ಸುರಿದುಕೊಳ್ಳಬೇಕೇ ಹೊರತು ಅದರೊಳಗೆ ಇಳಿಯಬಾರದೆಂದು ಹೇಳಿಕೊಡಿ. ಏನನ್ನೇ ಕೊಡುವಾಗಲೂ ಬಲಗೈ ಬಳಸಲಿ, ತೋರುಬೆರಳಿನ ಬದಲು ಹೆಬ್ಬೆರಳಿನಿಂದ ತೋರಿಸಲಿ, ಹಿರಿಯರ ಮುಂದೆ ಹಾದು ಹೋಗುವಾಗ ತುಸು ಬಾಗಿ "ನುವುನ್ ಸೆವು" (ಜಾವಾ ಭಾಷೆಯಲ್ಲಿ "ಕ್ಷಮಿಸಿ") ಎನ್ನಲಿ. (ಅಲ್ಲಿ "ದೇಸ" ಎಂದರೆ ಹಳ್ಳಿ. ನಮ್ಮ "ದೇಶ" ಅಲ್ಲಿ ಒಂದು ಊರಿನಷ್ಟಾಗಿದೆ!) ಊರವರು ಕೂಡಿ ಬೀದಿ, ಚರಂಡಿ ಶುಚಿ ಮಾಡುವ "ಕೆರ್ಜಾ ಬಕ್ತಿ" ನಿಮ್ಮ ದಿನಗಳಲ್ಲಿ ಬಂದರೆ, ಅನುಮತಿ ಕೇಳಿ ಮಕ್ಕಳ ಕೈಗೂ ಪೊರಕೆ ಕೊಡಿಸಿ.

ಉತ್ತರ 3:
ಪೋಷಕರ ವಿಚಾರಕ್ಕೆ ಒಂದು ಸಲಹೆ. ಮಾರುಕಟ್ಟೆಯಲ್ಲಿ ಮಕ್ಕಳಿಗೆ ಮೂರು ಬಟ್ಟೆಗಳನ್ನು ತೋರಿಸಿ: ಕೈಯಿಂದ ಬರೆದದ್ದು, "ಚಾಪ್" ಎಂಬ ತಾಮ್ರದ ಅಚ್ಚಿನಿಂದ ಮೇಣ ಒತ್ತಿದ್ದು, ಯಂತ್ರದಲ್ಲಿ ಮುದ್ರಿಸಿದ್ದು. ಕೈಬರಹದ ಬಟ್ಟೆಯ ಎರಡೂ ಬದಿಯಲ್ಲಿ ವಿನ್ಯಾಸ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಮುದ್ರಿಸಿದ್ದರ ಹಿಂಬದಿ ಸಾಮಾನ್ಯವಾಗಿ ಮಾಸಲು. ಯುನೆಸ್ಕೊ 2009ರಲ್ಲಿ ಇಂಡೊನೇಷ್ಯಾದ ಬಾಟಿಕ್ ಅನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಕೈಕಸುಬಿನ ಈ ಪರಂಪರೆಗಾಗಿ. ಮನೆಗೆ ಬಂದ ಮಗು ಅಮ್ಮನ ಮುಂದೆ ಬಟ್ಟೆಯ ಹಿಂಬದಿ ತಿರುಗಿಸಿ ಬೆಲೆಯ ಅಂತರವನ್ನು ವಿವರಿಸಿದರೆ ದೂರುಗಳು ಕಡಿಮೆಯಾಗುತ್ತವೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಕುಂಬಾರಿಕೆಯನ್ನು ಕೈಬಿಟ್ಟು ಬಾಟಿಕ್‌ಗೆ ಮೂರು ಬೆಳಗು ಕೊಡಲು ಏಜೆಂಟರಿಗೆ ಬರೆದಿದ್ದೇನೆ. ಕೊನೆಯಲ್ಲಿ ಮೇಣ ಬಿಡಿಸಲು ಬಟ್ಟೆಯನ್ನು ಕುದಿನೀರಿಗೆ ಹಾಕುವ ಹಂತದಲ್ಲಿ ನಿಮ್ಮ ಮಕ್ಕಳನ್ನು ಎಷ್ಟು ದೂರ ನಿಲ್ಲಿಸಿದ್ದಿರಿ ಎಂಬುದೊಂದನ್ನು ಮೊದಲ ಉತ್ತರದವರು ತಿಳಿಸುವಿರಾ?

ಉತ್ತರ 1:
ಹಂಡೆಯಿಂದ ನಾಲ್ಕು ಹೆಜ್ಜೆ ದೂರ. ಬಟ್ಟೆಯನ್ನು ಕೋಲಿನಿಂದ ಎತ್ತಿ ತಣ್ಣೀರಿಗೆ ಹಾಕಿದ ಮೇಲಷ್ಟೇ ಮಕ್ಕಳ ಕೈಗೆ ಕೊಟ್ಟರು.