5 ವೋಲ್ಟ್ 12 ಆಗುತ್ತಿಲ್ಲ, ಮಾಸ್‌ಫೆಟ್ ಮಾತ್ರ ಸುಡುತ್ತಿದೆ

ಪ್ರಶ್ನೆ: ಸರ್, 5 ವೋಲ್ಟ್‌ನಿಂದ 12 ವೋಲ್ಟ್ ಮಾಡೋಕೆ ಒಂದು ಬೂಸ್ಟ್ ಕನ್ವರ್ಟರ್ ಕಟ್ಟಿದ್ದೇನೆ. ಸ್ವಿಚ್ ಆನ್-ಆಫ್ ಮಾಡೋಕೆ 555 ಟೈಮರ್ ಚಿಪ್, ಸುಮಾರು 50 ಕಿಲೋಹರ್ಟ್ಸ್, ಡ್ಯೂಟಿ (ಪ್ರತಿ ಸುತ್ತಿನಲ್ಲಿ ಆನ್ ಇರುವ ಪಾಲು) 58 ಪರ್ಸೆಂಟ್. ಸ್ವಿಚ್ ಆಗಿ ಐಆರ್‌ಎಫ್‌540 ಮಾಸ್‌ಫೆಟ್, 1ಎನ್‌4007 ಡಯೋಡ್, ರೆಸಿಸ್ಟರ್ ಥರ ಕಾಣುವ ಪುಟ್ಟ 100 ಮೈಕ್ರೋಹೆನ್ರಿ ಇಂಡಕ್ಟರ್ (ತಂತಿ ಸುರುಳಿ), ಔಟ್‌ಪುಟ್‌ನಲ್ಲಿ 25 ವೋಲ್ಟ್ ಕ್ಯಾಪಾಸಿಟರ್. ಲೋಡ್ ಇಲ್ಲದಿದ್ದರೆ 28 ವೋಲ್ಟ್ ಬರುತ್ತದೆ. 47 ಓಮ್ ರೆಸಿಸ್ಟರ್ ಹಾಕಿದರೆ 6ಕ್ಕೆ ಇಳಿಯುತ್ತದೆ. ಮಾಸ್‌ಫೆಟ್ ಮುಟ್ಟೋಕಾಗಲ್ಲ, ಅಷ್ಟು ಬಿಸಿ. ಅದನ್ನು ತೆರೆಯುವ ಗೇಟ್ ಕಾಲಿನಲ್ಲಿ ಮೀಟರ್ 1.9 ವೋಲ್ಟ್ ತೋರಿಸುತ್ತಿದೆ. ವೈರಿಂಗ್ ಮೂರು ಸಲ ನೋಡಿದೆ.

ಉತ್ತರ: ಮೊದಲು ಸಪ್ಲೈ ಆಫ್ ಮಾಡಿ. 25 ವೋಲ್ಟ್ ಕ್ಯಾಪಾಸಿಟರ್ ಮೇಲೆ 28 ವೋಲ್ಟ್ ನಿಂತಿದೆ, ಅದು ಯಾವಾಗ ಬೇಕಾದರೂ ಉಬ್ಬಬಹುದು. 50 ವೋಲ್ಟ್‌ನದ್ದು ಹಾಕಿ. ಲೋಡ್ ಇಲ್ಲದೆ ಓಡಿಸಲೇಬೇಡಿ.

ನಿಮ್ಮ 1.9 ವೋಲ್ಟ್‌ನಲ್ಲೇ ಅರ್ಧ ಉತ್ತರ ಇದೆ. ಮೀಟರ್ ತೋರಿಸುವುದು ಸರಾಸರಿ. 0.58ರಿಂದ ಭಾಗಿಸಿ ನೋಡಿ, ಪಲ್ಸ್ ಎತ್ತರ ಸುಮಾರು 3.3 ವೋಲ್ಟ್ ಅಷ್ಟೇ. ಮಾಮೂಲಿ 555 ಹಾಗೇ, 5 ವೋಲ್ಟ್ ಕೊಟ್ಟರೂ ಪೂರ್ತಿ 5 ಹೊರಗೆ ಬರಲ್ಲ. ಐಆರ್‌ಎಫ್‌540 ಬಾಗಿಲು ತೆರೆಯಲು ಶುರು ಮಾಡುವುದೇ 2ರಿಂದ 4 ವೋಲ್ಟ್ ನಡುವೆ. ಚೆನ್ನಾಗಿ ತೆರೆಯಲು 10 ಬೇಕು. ಹಾಗಾಗಿ ನಿಮ್ಮದು ಅರೆಬರೆ ತೆರೆದು ನಿಂತಿದೆ, ಕರೆಂಟ್ ಅಲ್ಲೇ ಶಾಖವಾಗುತ್ತಿದೆ. ಐಆರ್‌ಎಲ್‌ಝಡ್‌44ಎನ್ ಥರದ, ಕಡಿಮೆ ವೋಲ್ಟ್‌ಗೇ ಚೆನ್ನಾಗಿ ತೆರೆಯುವ ಲಾಜಿಕ್ ಲೆವೆಲ್ ಮಾಸ್‌ಫೆಟ್ ಹಾಕಿ.

ಡಯೋಡ್ ಕೂಡ ಬದಲಿಸಿ. 1ಎನ್‌4007 ಮನೆ ಕರೆಂಟಿನ 50 ಹರ್ಟ್ಸ್‌ಗೆ ಸರಿ. ಇಲ್ಲಿ ಒಂದು ಸುತ್ತಿಗೆ ಇರುವುದೇ 20 ಮೈಕ್ರೋಸೆಕೆಂಡ್, ಅಷ್ಟರಲ್ಲಿ ಅದು ಸರಿಯಾಗಿ ಮುಚ್ಚಿಕೊಳ್ಳುವುದೇ ಇಲ್ಲ. ಕ್ಯಾಪಾಸಿಟರ್‌ನಲ್ಲಿ ತುಂಬಿದ್ದು ವಾಪಸ್ ಮಾಸ್‌ಫೆಟ್‌ಗೇ ಹರಿಯುತ್ತದೆ. ಬೇಗ ಮುಚ್ಚಿಕೊಳ್ಳುವ 1ಎನ್‌5822 ಶಾಟ್‌ಕಿ ಡಯೋಡ್ ಹಾಕಿ.

ಪ್ರಶ್ನೆ: ಮೂರೂ ಬದಲಿಸಿದೆ ಸರ್. ಮಾಸ್‌ಫೆಟ್ ತಣ್ಣಗಿದೆ! ಆದರೆ ಲೋಡ್ ಹಾಕಿದರೆ 9.5 ವೋಲ್ಟೇ. ಈಗ ಇಂಡಕ್ಟರ್ ಬಿಸಿ.

ಉತ್ತರ: ಅದನ್ನೇ ಕಾಯುತ್ತಿದ್ದೆ. ಲೆಕ್ಕ ಹಾಕೋಣ. 12 ವೋಲ್ಟ್‌ಗೆ 47 ಓಮ್ ಅಂದರೆ ಸುಮಾರು 3 ವ್ಯಾಟ್. ನಷ್ಟ ಸೇರಿಸಿ 5 ವೋಲ್ಟ್ ಕಡೆಯಿಂದ 0.75 ಆಂಪ್ ಎಳೆಯಬೇಕು. ಅದರ ಮೇಲೆ ಏರಿಳಿತ, ತುದಿಯಲ್ಲಿ 1 ಆಂಪ್ ಮುಟ್ಟುತ್ತದೆ. ಆ ಪುಟ್ಟ ಇಂಡಕ್ಟರ್‌ಗೆ ಅಷ್ಟು ತಡೆಯೋ ಶಕ್ತಿ ಎಲ್ಲಿ? ಒಳಗಿನ ಕೋರ್ ಸ್ಯಾಚುರೇಟ್ ಆದರೆ, ಅಂದರೆ ಇನ್ನಷ್ಟು ಕಾಂತತ್ವ ಹಿಡಿಯಲಾರದಷ್ಟು ತುಂಬಿದರೆ, ಅದು ಬರೀ ತಂತಿ. ಮೈಕ್ರೋಹೆನ್ರಿ ಅಷ್ಟೇ ನೋಡಿ ಕೊಳ್ಳುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. 100 ಮೈಕ್ರೋಹೆನ್ರಿಯೇ ಇರಲಿ, ಸ್ಯಾಚುರೇಶನ್ ಕರೆಂಟ್ 2 ಆಂಪ್ ಇರುವ, ದಪ್ಪ ತಂತಿ ಸುತ್ತಿದ್ದು ತನ್ನಿ. ಬ್ರೆಡ್‌ಬೋರ್ಡ್ ಮೇಲಿದ್ದರೆ ಬೆಸುಗೆ ಹಾಕಿಬಿಡಿ, ಆ ಸಡಿಲ ಕಾಂಟ್ಯಾಕ್ಟ್‌ಗಳೂ ವೋಲ್ಟ್ ತಿನ್ನುತ್ತವೆ.

ಪ್ರಶ್ನೆ: 11.3 ಬಂತು ಸರ್! ಲೋಡ್ ತೆಗೆದರೆ ಮತ್ತೆ ಏರುತ್ತದೆ, ಅದಕ್ಕೇನು?

ಉತ್ತರ: ಫೀಡ್‌ಬ್ಯಾಕ್ ಇಲ್ಲವಲ್ಲ, ಎಷ್ಟು ಸಾಕು ಅಂತ ಅದಕ್ಕೆ ಹೇಳುವವರೇ ಇಲ್ಲ. 555ರ 4ನೇ ಕಾಲು ರಿಸೆಟ್, ಅದನ್ನು ಗ್ರೌಂಡ್‌ಗೆ ಎಳೆದರೆ ಟೈಮರ್ ನಿಲ್ಲುತ್ತದೆ. ಅದಕ್ಕೆ 5 ವೋಲ್ಟ್‌ನಿಂದ 10 ಕಿಲೋಓಮ್ ಕೊಡಿ. ಅದೇ ಕಾಲಿಗೆ ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್‌ನ ಕಲೆಕ್ಟರ್, ಎಮಿಟರ್ ಗ್ರೌಂಡ್‌ಗೆ. ಔಟ್‌ಪುಟ್‌ನಿಂದ 11 ವೋಲ್ಟ್ ಝೀನರ್ (ಅಷ್ಟು ವೋಲ್ಟ್ ದಾಟಿದರೆ ಮಾತ್ರ ಹಿಮ್ಮುಖವಾಗಿ ಕರೆಂಟ್ ಬಿಡುವ ಡಯೋಡ್), 1 ಕಿಲೋಓಮ್ ಮೂಲಕ ಬೇಸ್‌ಗೆ. ಝೀನರ್‌ನ 11, ಬೇಸ್‌ನ 0.6, ಸೇರಿ 11.6 ದಾಟಿದ ಕೂಡಲೇ ಟೈಮರ್ ನಿಲ್ಲುತ್ತದೆ, ಇಳಿದರೆ ಮತ್ತೆ ಓಡುತ್ತದೆ. ಝೀನರ್ ತಿರುಗುಮುರುಗಾಗಿ ಹಾಕಬೇಡಿ, ಪಟ್ಟಿ ಇರುವ ತುದಿ ಔಟ್‌ಪುಟ್ ಕಡೆಗೆ.