ಹುಷಾರಿಲ್ಲದಾಗ ರಜೆ ಕೇಳೋಕೂ ಮುಜುಗರ: ನೀವೆಲ್ಲ ಹೇಗೆ ಮಾಡ್ತೀರಿ?

ಆಫೀಸ್ ಕೆಲಸಕ್ಕೆ ಸೇರಿ ವರ್ಷದ ಮೇಲಾಯಿತು. ರಜೆ ಕೇಳೋದು ಮಾತ್ರ ಇನ್ನೂ ಅಭ್ಯಾಸ ಆಗಿಲ್ಲ. ಜ್ವರ ಬಂದ ದಿನ ಮೆಸೇಜ್ ಟೈಪ್ ಮಾಡ್ತೀನಿ, ಅಳಿಸ್ತೀನಿ, ಮತ್ತೆ ಟೈಪ್ ಮಾಡ್ತೀನಿ. ಕೊನೆಗೆ ಮಾತ್ರೆ ನುಂಗಿ ಆಫೀಸಿಗೇ ಹೊರಟುಬಿಡ್ತೀನಿ. ಮ್ಯಾನೇಜರ್ ಕೆಟ್ಟವರೇನಲ್ಲ. ಆದರೆ ರಜೆ ಕೇಳಿದರೆ ಅವರಿಂದ ಬರುವುದು "ಓಕೆ" ಅಂತ ಒಂದೇ ಪದ. ಅದನ್ನು ನೋಡಿದರೆ ಬೇಜಾರಾಗಿದ್ದಾರೇನೋ ಅನ್ನಿಸುತ್ತದೆ. ಇನ್ನೊಂದು ಕಡೆ ವಾರ್ಷಿಕ ರಜೆ ಹಾಗೇ ಉಳಿದಿದೆ, ವರ್ಷ ಮುಗಿದರೆ ಲ್ಯಾಪ್ಸ್ ಅಂತೆ. ಎಷ್ಟು ಹುಷಾರಿಲ್ಲದಿದ್ದರೆ ರಜೆ ಹಾಕಬೇಕು? ಕಾರಣ ಎಷ್ಟು ಹೇಳಬೇಕು? ಏನೂ ಆಗಿಲ್ಲದಿದ್ದಾಗ ಸುಮ್ನೆ ರಜೆ ಹಾಕಿದರೆ ಏನಂದುಕೊಳ್ತಾರೆ? ಅನುಭವ ಇರುವವರು ದಯವಿಟ್ಟು ಹೇಳಿ.

* * *

ಮೊದಲು ಆ "ಓಕೆ" ಬಗ್ಗೆ. ನಾನು ಎಂಟು ಜನರ ಟೀಮ್ ನೋಡಿಕೊಳ್ಳುತ್ತೇನೆ, ನಾನು ಕಳಿಸುವುದೂ ಅದೇ "ಓಕೆ". ಬೆಳಿಗ್ಗೆ ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಟೈಪ್ ಮಾಡಿದ್ದು. ಅದರಲ್ಲಿ ಸಿಟ್ಟು ಹುಡುಕಬೇಡಿ. ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡುವುದು ಒಂದೇ: ಇವತ್ತಿನ ಇವರ ಕೆಲಸ ಯಾರು ನೋಡಬೇಕು? ಅದಕ್ಕೆ ಉತ್ತರ ನಿಮ್ಮ ಮೆಸೇಜಲ್ಲೇ ಇದ್ದರೆ ನನಗೆ ಬೇರೇನೂ ಬೇಡ.

ನನ್ನ ಟೀಮಿನ ಒಬ್ಬರು ಕಳಿಸುವ ಮೆಸೇಜ್ ಹೀಗಿರುತ್ತದೆ: "ಹುಷಾರಿಲ್ಲ, ಇವತ್ತು ರಜೆ ಹಾಕ್ತಿದ್ದೀನಿ. ಮಧ್ಯಾಹ್ನ ಹೋಗಬೇಕಾದ ವರದಿಯ ಡ್ರಾಫ್ಟ್ ಟೀಮ್ ಫೋಲ್ಡರಿನಲ್ಲಿದೆ, ಮೂರನೇ ಪುಟದ ಅಂಕಿಗಳನ್ನು ಮಾತ್ರ ಒಮ್ಮೆ ಚೆಕ್ ಮಾಡಬೇಕು. ಉಳಿದದ್ದು ನಾಳೆವರೆಗೆ ಕಾಯಬಹುದು. ನಾಳೆ ಬರ್ತೀನೋ ಇಲ್ಲವೋ ಸಂಜೆ ತಿಳಿಸ್ತೀನಿ." ಅಷ್ಟೇ. ಯಾವ ಕಾಯಿಲೆ, ಎಷ್ಟು ಡಿಗ್ರಿ ಜ್ವರ, ಏನೂ ಇಲ್ಲ. ನಾನೂ ಕೇಳಲ್ಲ.

ಇದಕ್ಕೆ ಉಲ್ಟಾ ಇನ್ನೊಬ್ಬರು. ರಾತ್ರಿ ಎಷ್ಟು ಸಲ ವಾಂತಿ ಆಯಿತು, ಅದು ಹೇಗಿತ್ತು, ಎಲ್ಲ ಬರೆಯುತ್ತಾರೆ. ಓದಿ ಪಾಪ ಅನ್ನಿಸುತ್ತದೆ, ಆದರೆ ಅವರ ಕೆಲಸ ಎಲ್ಲಿಗೆ ಬಂದಿದೆ ಅನ್ನುವುದು ಮಾತ್ರ ಗೊತ್ತಾಗಲ್ಲ. ಮತ್ತೆ ಅವರಿಗೇ ಫೋನ್ ಮಾಡಬೇಕು. ವಿವರ ಜಾಸ್ತಿ ಕೊಟ್ಟಷ್ಟೂ ಸುಳ್ಳು ಹೇಳುತ್ತಿದ್ದಾರೇನೋ ಅನ್ನುವ ಅನುಮಾನವೂ ಬರುತ್ತದೆ. ಅವರು ನಿಜವನ್ನೇ ಹೇಳುತ್ತಿದ್ದರೂ ಅಷ್ಟೇ.

ಇನ್ನೊಂದು. "ಇವತ್ತು ರಜೆ ತಗೋಬಹುದಾ?" ಅಂತ ಕೇಳಬೇಡಿ. "ರಜೆ ಹಾಕ್ತಿದ್ದೀನಿ" ಅನ್ನಿ. ಜ್ವರಕ್ಕೆ ಅನುಮತಿ ಕೊಡೋಕೆ ನಾನ್ಯಾರು? ವಾರಗಟ್ಟಲೆ ಊರಿಗೆ ಹೋಗೋದಿದ್ದರೆ ಕೇಳಿ. ಅದು ಬೇರೆ.

* * *

ಎಷ್ಟು ಹುಷಾರಿಲ್ಲದಿದ್ದರೆ ಅಂತ ಕೇಳಿದ್ದೀರಲ್ಲ, ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಆ ಭಾಗಕ್ಕೆ ಮಾತ್ರ ಉತ್ತರ ಕೊಡುತ್ತೇನೆ.

ಫ್ಲೂ ಬಂದವರಿಂದ ಲಕ್ಷಣ ಕಾಣಿಸುವ ಒಂದು ದಿನ ಮೊದಲೇ ಬೇರೆಯವರಿಗೆ ಹರಡಬಹುದು. ಆಮೇಲೆ ಐದರಿಂದ ಏಳು ದಿನದವರೆಗೂ ಹರಡಬಹುದು. ಜಾಸ್ತಿ ಹರಡುವುದು ಮೊದಲ ಮೂರು ನಾಲ್ಕು ದಿನ. ಅಂದರೆ ನೀವು "ಇನ್ನೂ ಶುರು ಅಷ್ಟೇ, ತಡ್ಕೋಬಹುದು" ಅಂತ ಮಾತ್ರೆ ನುಂಗಿ ಹೋಗುವ ದಿನವೇ ಪಕ್ಕದ ಸೀಟಿನವರಿಗೆ ಹೆಚ್ಚು ಅಪಾಯ. ಜ್ವರದ ಮಾತ್ರೆ ಮೈ ಬಿಸಿ ಇಳಿಸುತ್ತದೆ, ವೈರಸ್ ಅನ್ನು ಕೊಲ್ಲುವುದಿಲ್ಲ. ಅದಕ್ಕೇ ವಾಪಸ್ ಹೋಗುವ ಮುಂಚೆ ಮಾತ್ರೆ ಇಲ್ಲದೆ 24 ಗಂಟೆ ಜ್ವರ ಇರಬಾರದು, ಮೈಯೂ ಒಟ್ಟಾರೆ ಸುಧಾರಿಸುತ್ತಿರಬೇಕು. ವಾಂತಿ ಭೇದಿ ಆಗಿದ್ದರೆ ಅದು ನಿಂತ ಮೇಲೆ 48 ಗಂಟೆ ಮನೆಯಲ್ಲಿರಿ. ನೋರೋವೈರಸ್ ತರದ್ದು ಒಂದೇ ಟಾಯ್ಲೆಟ್ ಬಳಸುವ ಇಡೀ ಫ್ಲೋರಿಗೆ ಹರಡುತ್ತದೆ.

ಜ್ವರ ಇಲ್ಲದ ಬರೀ ನೆಗಡಿಗೆ ಮನೆಯಿಂದ ಕೆಲಸ ಮಾಡುವ ಅನುಕೂಲ ಇದ್ದರೆ ಮಾಡಿ. ಇಲ್ಲದಿದ್ದರೆ ಮಾಸ್ಕ್ ಹಾಕಿಕೊಂಡು ಹೋಗಿ.

* * *

ಮನೆಯಿಂದ ಕೆಲಸ ಅನ್ನೋ ಮಾತು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಸಿಟ್ಟಿನಲ್ಲೇ.

"ಸಿಕ್ ಲೀವ್ ಹಾಕಿದ್ದೀನಿ, ಆದರೆ ಆನ್‌ಲೈನ್ ಇರ್ತೀನಿ" ಅನ್ನೋದನ್ನು ದಯವಿಟ್ಟು ಶುರು ಮಾಡಬೇಡಿ. ಲೀವ್ ಬ್ಯಾಲೆನ್ಸಿನಿಂದ ಒಂದು ದಿನ ಹೋಯಿತು, ಕೆಲಸವನ್ನೂ ಮಾಡಿದ್ದಾಯಿತು, ಮಲಗಿದ್ದು ಮಾತ್ರ ಇಲ್ಲ. ಒಂದು ಸಲ ಹಾಗೆ ಮಾಡಿದರೆ ಮುಂದಿನ ಸಲ ನೀವು ನಿಜವಾಗಲೂ ಏಳೋಕಾಗದೆ ಬಿದ್ದಿರುವಾಗಲೂ "ಒಂದೇ ನಿಮಿಷ, ಒಂದು ಕಾಲ್‌ಗೆ ಬನ್ನಿ" ಅಂತಾರೆ. ನಮ್ಮ ಹಿಂದಿನ ಟೀಮಿನಲ್ಲಿ ಒಬ್ಬರು ಡ್ರಿಪ್ ಹಾಕಿಸಿಕೊಂಡೇ ಮೀಟಿಂಗಿಗೆ ಬಂದಿದ್ದರು. ಎಲ್ಲರೂ ಹೊಗಳಿದರು. ಅವತ್ತಿನಿಂದ ಬೇರೆಯವರಿಗೆ ಬರೀ ಜ್ವರಕ್ಕೆ ರಜೆ ಕೇಳೋಕೂ ಸಂಕೋಚ ಆಗಿ ಹೋಯಿತು. ಆ ಮೀಟಿಂಗ್ ಸ್ಲೈಡಿನ ಬಣ್ಣಗಳ ಬಗ್ಗೆ ಇತ್ತು ಅನ್ನೋದನ್ನೂ ಹೇಳಿಬಿಡುತ್ತೇನೆ.

ಒಂದೋ ರಜೆ, ಇಲ್ಲವೋ ಕೆಲಸ. ಕೆಲಸ ಮಾಡುವಷ್ಟು ಚೆನ್ನಾಗಿದ್ದೀರಿ, ಓಡಾಟ ಮಾತ್ರ ಆಗಲ್ಲ ಅಂದರೆ ರಜೆ ಹಾಕದೆ ಮನೆಯಿಂದ ಕೆಲಸ ಅಂತಲೇ ಹೇಳಿ. ರಜೆ ಹಾಕಿದ ದಿನ ಆಟೋ ರಿಪ್ಲೈ ಇಟ್ಟು, ಆಫೀಸಿನ ನೋಟಿಫಿಕೇಶನ್ ಆಫ್ ಮಾಡಿ ಮಲಗಿ.

* * *

ಎಚ್‌ಆರ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಯಾರೂ ಓದದ ಒಂದು ಫೈಲ್ ಇದ್ದರೆ ಅದು ಲೀವ್ ಪಾಲಿಸಿ. ಸೇರಿದ ದಿನ ಸಹಿ ಹಾಕಿ ಮರೆತಿರುತ್ತಾರೆ. ಅದನ್ನು ತೆಗೆದು ಇಷ್ಟು ನೋಡಿ: ಎಷ್ಟನೇ ದಿನದಿಂದ ಡಾಕ್ಟರ್ ಸರ್ಟಿಫಿಕೇಟ್ ಕೇಳುತ್ತಾರೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು, ಎರಡು ರಜೆಯ ನಡುವೆ ವಾರಾಂತ್ಯ ಬಂದರೆ ಅದನ್ನೂ ರಜೆಗೆ ಸೇರಿಸುತ್ತಾರಾ, ಉಳಿದ ರಜೆ ಮುಂದಿನ ವರ್ಷಕ್ಕೆ ಹೋಗುತ್ತದಾ, ದುಡ್ಡಾಗುತ್ತದಾ, ಸುಮ್ನೆ ಹೋಗುತ್ತದಾ. ಮೆಸೇಜ್ ಹಾಕಿದರೆ ಸಾಲದು, ಸಿಸ್ಟಮ್ಮಿನಲ್ಲೂ ರಜೆ ಹಾಕಬೇಕು. ಇಲ್ಲದಿದ್ದರೆ ಹೇಳದೆ ಕೇಳದೆ ಗೈರು ಅಂತ ಸಂಬಳ ಕಟ್ ಆಗುತ್ತದೆ. ತಿಂಗಳ ಕೊನೆಗೆ ನಮ್ಮ ಹತ್ತಿರ ಬರುತ್ತಿದ್ದ ಜಗಳಗಳಲ್ಲಿ ಸುಮಾರು ಈ ತರದ್ದೇ.

ಇನ್ನು ಕೆಲವು ಕಂಪನಿಗಳು ಬ್ರಾಡ್‌ಫರ್ಡ್ ಫ್ಯಾಕ್ಟರ್ ಅನ್ನೋ ಲೆಕ್ಕ ಬಳಸುತ್ತವೆ. ಒಂದು ವರ್ಷದಲ್ಲಿ ಎಷ್ಟು ಸಲ ಅನಾರೋಗ್ಯದ ರಜೆ ಹಾಕಿದಿರಿ ಅನ್ನುವ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಒಟ್ಟು ದಿನಗಳಿಂದ ಗುಣಿಸುತ್ತಾರೆ. ಒಂದೇ ಸಲ 10 ದಿನ ಮಲಗಿದರೆ 1×1×10, ಅಂದರೆ ಬರೀ 10. ಅದೇ 10 ದಿನವನ್ನು ಬಿಡಿಬಿಡಿಯಾಗಿ ಹತ್ತು ಸಲ ಹಾಕಿದರೆ 10×10×10, ಅಂದರೆ 1000. ಆಗಾಗ ಒಂದೊಂದು ದಿನ ಬರದಿದ್ದರೆ ಕೆಲಸಕ್ಕೆ ತೊಂದರೆ ಜಾಸ್ತಿ ಅನ್ನೋದು ಇದರ ಹಿಂದಿನ ಯೋಚನೆ. ನಿಮ್ಮ ಆಫೀಸಿನಲ್ಲಿ ಇದು ಇದ್ದರೆ ಒಂದು ಗಮನಿಸಿ. ನಾಲ್ಕು ದಿನ ಒಟ್ಟಿಗೆ ಮಲಗಿದರೆ 4. ಎರಡು ದಿನಕ್ಕೇ ಎದ್ದು ಬಂದು, ಮತ್ತೆ ಬಿದ್ದು ಇನ್ನೆರಡು ದಿನ ಹಾಕಿದರೆ 2×2×4, ಅಂದರೆ 16. ಒಳ್ಳೆಯವರಾಗೋಕೆ ಬೇಗ ಬಂದವರಿಗೇ ನಾಲ್ಕು ಪಟ್ಟು ಅಂಕ!

ನನ್ನ ಅಭಿಪ್ರಾಯ ಕೇಳಿದರೆ ಇದು ಪದೇ ಪದೇ ಕಾಡುವ ಕಾಯಿಲೆ ಇರುವವರಿಗೆ ಮಾಡುವ ಅನ್ಯಾಯ. ಬಳಸುವವರು ಬಳಸುತ್ತಾರೆ, ಏನು ಮಾಡೋದು.

* * *

ಆ ಪದೇ ಪದೇ ಕಾಡುವವರ ಗುಂಪಿನವಳು ನಾನು. ಮೈಗ್ರೇನ್. ಬಂದರೆ ನಾಲ್ಕು ಗಂಟೆಗೂ ಮುಗಿಯಬಹುದು, ಮೂರು ದಿನವೂ ಹಿಡಿಯಬಹುದು. ನೋವು ಹೋದ ಮೇಲೂ ಒಂದು ದಿನ ಮಂಕು. ಮೇಲ್ ಓದಿದರೆ ಅಕ್ಷರ ಕಾಣುತ್ತದೆ, ಅರ್ಥ ತಲೆಗೆ ಹೋಗಲ್ಲ. ಹೊರಗಿನಿಂದ ನೋಡಿದವರಿಗೆ ನಾನು ಆರಾಮಾಗಿಯೇ ಕಾಣುತ್ತೇನೆ, ಅದೇ ತೊಂದರೆ.

ನನಗೆ ಕೆಲಸ ಮಾಡಿದ್ದು ಒಂದೇ ಉಪಾಯ. ಚೆನ್ನಾಗಿದ್ದ ದಿನ ಮ್ಯಾನೇಜರ್ ಹತ್ತಿರ ಕೂತು ಒಂದು ಸಲ ಹೇಳಿಬಿಟ್ಟೆ: ಇಂಥದ್ದೊಂದು ಇದೆ, ಯಾವಾಗ ಬರುತ್ತದೆ ಹೇಳೋಕಾಗಲ್ಲ, ಬಂದ ದಿನ ಸ್ಕ್ರೀನ್ ನೋಡೋಕಾಗಲ್ಲ, ಆಗ "ತಲೆನೋವು, ರಜೆ" ಅಂತ ಎರಡೇ ಪದ ಕಳಿಸ್ತೀನಿ. ಡಾಕ್ಟರ್ ಪತ್ರವನ್ನೂ ಎಚ್‌ಆರ್‌ಗೆ ಕೊಟ್ಟೆ. ನನ್ನ ತಲೆ ಮೇಲಿನ ಟ್ಯೂಬ್‌ಲೈಟ್ ತೆಗೆಸಿದರು, ಕಿಟಕಿಗೆ ಬೆನ್ನು ಮಾಡಿ ಕೂರಿಸುತ್ತಿದ್ದ ಸೀಟು ಬದಲಾಯಿಸಿದರು, ಸ್ಕ್ರೀನಿನ ಮೇಲೆ ಬೀಳುತ್ತಿದ್ದ ಬಿಸಿಲು ತಪ್ಪಿತು. ರಜೆ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ನೋವಿನ ದಿನ ಪ್ರಬಂಧ ಬರೆಯೋದು ತಪ್ಪಿತಲ್ಲ, ನನಗೆ ಅದೇ ದೊಡ್ಡದು.

* * *

ಪ್ರಶ್ನೆ ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ಮೈಗೆ ಏನೂ ಆಗಿಲ್ಲ, ಬರೀ ಸುಸ್ತು, ಯಾರ ಮುಖ ನೋಡೋಕೂ ಬೇಜಾರು. ಆಗ ಸಿಕ್ ಲೀವ್ ಹಾಕೋದು ಸುಳ್ಳಾಗಲ್ವಾ?

* * *

ಮನಸ್ಸೂ ಮೈಯ ಭಾಗವೇ ಅಲ್ವಾ? ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಸೋಮವಾರ ಅಂದರೆ ಎದೆ ಡವಡವ ಅನ್ನುತ್ತದೆ ಅಂದರೆ ಅದು ಸಿಕ್ ಲೀವೇ, ಜೊತೆಗೆ ಡಾಕ್ಟರನ್ನೂ ನೋಡಿ. ಒಂದು ದಿನದ ರಜೆಯಿಂದ ಅದು ಹೋಗುವುದಲ್ಲ. ಆದರೆ ಪ್ರಾಜೆಕ್ಟ್ ಮುಗಿಸಿ ಬಂದ ಸುಸ್ತು ಅಂದರೆ ವಾರ್ಷಿಕ ರಜೆ ಇರುವುದೇ ಅದಕ್ಕೆ. ಕಾರಣದ ಜಾಗದಲ್ಲಿ "ವೈಯಕ್ತಿಕ" ಅಂತ ಹಾಕಿ. ಮದುವೆ, ಗೃಹಪ್ರವೇಶ ಅಂತ ಕಥೆ ಕಟ್ಟೋದು ಬೇಡ, ಆಮೇಲೆ ಫೋಟೋ ಎಲ್ಲಿ ಅಂತ ಕೇಳ್ತಾರೆ.

* * *

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಎರಡು ರಜೆ ಬೇರೆ ಬೇರೆ ಅನ್ನೋದು ಕಾನೂನಿನಲ್ಲೂ ಇರುವ ಯೋಚನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1970ರ ಒಡಂಬಡಿಕೆ, ವರ್ಷಕ್ಕೆ ಕನಿಷ್ಠ ಮೂರು ವಾರ ಸಂಬಳ ಸಹಿತ ರಜೆ ಅನ್ನುತ್ತದೆ. ಕಾಯಿಲೆ ಬಿದ್ದ ದಿನಗಳನ್ನು ಅದರಲ್ಲಿ ಸೇರಿಸಬಾರದು ಅಂತಲೂ ಇದೆ. ಎಲ್ಲ ದೇಶಗಳೂ ಇದನ್ನು ಒಪ್ಪಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಕನಿಷ್ಠ ನಾಲ್ಕು ವಾರ. ಮೊದಲೇ ಗೊತ್ತು ಮಾಡಿದ ವಾರ್ಷಿಕ ರಜೆಯ ಹೊತ್ತಿಗೆ ಕಾಯಿಲೆ ಬಿದ್ದರೆ ಆ ರಜೆಯನ್ನು ಬೇರೆ ದಿನ ಪಡೆಯಬಹುದು ಅಂತ 2009ರಲ್ಲಿ ಅಲ್ಲಿನ ಕೋರ್ಟ್ ಹೇಳಿತು. ನಿಮ್ಮ ಕಡೆ ಏನಿದೆ ನೋಡಿಕೊಳ್ಳಿ. ಸುತ್ತಾಡೋಕೆ ಅಂತ ಇಟ್ಟ ರಜೆ ಜ್ವರದಲ್ಲಿ ಕಳೆದುಹೋದರೆ ಒಮ್ಮೆ ಕೇಳಿ ನೋಡೋದರಲ್ಲಿ ನಷ್ಟ ಇಲ್ಲ.

ಉದ್ದದ ರಜೆಗೆ ಹೋಗುವ ಮುಂಚೆ ಒಂದು ಪುಟದ ಹ್ಯಾಂಡ್‌ಓವರ್ ಬರೆದಿಡಿ: ಯಾವ ಕೆಲಸ ಎಲ್ಲಿ ನಿಂತಿದೆ, ಯಾರನ್ನು ಕೇಳಬೇಕು, ಯಾವುದನ್ನು ಮುಟ್ಟಬಾರದು. ಹೊರಡುವ ದಿನ ಸಂಜೆ ಬರೆಯೋಕೆ ಕೂತರೆ ಆಗಲ್ಲ, ಎರಡು ದಿನ ಮುಂಚೆ ಕೊಟ್ಟರೆ ಅವರಿಗೆ ಕೇಳೋಕೆ ಟೈಮ್ ಸಿಗುತ್ತದೆ. ವಾಪಸ್ ಬಂದ ದಿನ ಬೆಳಿಗ್ಗೆ ಮೀಟಿಂಗ್ ಇಟ್ಟುಕೊಳ್ಳಬೇಡಿ. ಮೇಲ್‌ಗಳನ್ನು ಹಳೆಯದರಿಂದ ಓದಬೇಡಿ, ಪ್ರತಿ ವಿಷಯದ ಕೊನೆಯ ಮೇಲ್ ಮೊದಲು ಓದಿ. ಅರ್ಧಕ್ಕರ್ಧ ನೀವಿಲ್ಲದೇ ಮುಗಿದಿರುತ್ತವೆ.

* * *

ಲ್ಯಾಪ್ಸ್ ಆಗೋ ರಜೆ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ಮೊದಲು ನಿಮ್ಮ ಆಫೀಸಿನ ರಜೆ ವರ್ಷ ಯಾವಾಗ ಮುಗಿಯುತ್ತದೆ ನೋಡಿ, ಎಲ್ಲ ಕಡೆ ಡಿಸೆಂಬರ್ ಅಲ್ಲ. ಕೊನೆಯ ತಿಂಗಳು ಎಲ್ಲರೂ ಒಟ್ಟಿಗೆ ಹಾಕುತ್ತಾರೆ, ಹೊಸಬರದ್ದೇ ಮೊದಲು ರಿಜೆಕ್ಟ್ ಆಗೋದು. ಈಗಲೇ ಕ್ಯಾಲೆಂಡರ್ ತೆಗೆದು, ತಿಂಗಳಿಗೊಂದು ಶುಕ್ರವಾರವೋ ಸೋಮವಾರವೋ ಗುರುತು ಮಾಡಿ, ಎಲ್ಲವನ್ನೂ ಒಂದೇ ಸಲ ಅಪ್ಲೈ ಮಾಡಿ. ಯಾವುದಾದರೂ ಬೇಡ ಅನ್ನಿಸಿದರೆ ಆಮೇಲೆ ಕ್ಯಾನ್ಸಲ್ ಮಾಡಿದರಾಯಿತು. ನೀವು ಹಾಕುವ ಹೊತ್ತಿಗೆ ನಿಮ್ಮ ಪಕ್ಕದವರು ಅದೇ ಶುಕ್ರವಾರ ಬುಕ್ ಮಾಡಿರದಿದ್ದರೆ ಸರಿ.