ಯಾವ ವೆಬ್‌ಸೈಟ್ ನಂಬೋದು? ಗ್ರಂಥಪಾಲಕಿಯನ್ನು ಕೇಳಿ

ಅಡ್ಮಿನ್: ಹೊಸದಾಗಿ ಇಂಟರ್ನೆಟ್ ಬಳಸುವವರು ಈ ಭಾನುವಾರ ಏನು ಬೇಕಾದರೂ ಕೇಳಬಹುದು. ನಮ್ಮ ತಾಲ್ಲೂಕು ಗ್ರಂಥಾಲಯದ ಮೇಡಂ ಉತ್ತರ ಕೊಡುತ್ತಾರೆ.

ತೆಂಗಿನತೋಟ: ಮೇಡಂ ನಮಸ್ಕಾರ. ಪಹಣಿ ನೋಡೋಣ ಅಂತ ಹುಡುಕಿದರೆ ಹತ್ತಾರು ಸೈಟ್ ಬರುತ್ತವೆ. ಎಲ್ಲದರಲ್ಲೂ ವಿಧಾನಸೌಧದ ಫೋಟೋ. ಸರ್ಕಾರದ್ದು ಯಾವುದು?

ಗ್ರಂಥಪಾಲಕಿ: ನಮಸ್ಕಾರ. ಫೋಟೋ ಬಿಡಿ, ವಿಳಾಸ ನೋಡಿ. ಭೂಮಿ ದಾಖಲೆ ಇರುವುದು ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್‌ನಲ್ಲಿ. ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆ (/) ಬರುವ ತನಕದ ಭಾಗವನ್ನು ಬಲಗಡೆಯಿಂದ ಓದಿ. ತುದಿಯಲ್ಲಿ 'ಗವ್ ಡಾಟ್ ಇನ್' ಇರಬೇಕು. ಅದು ಸರ್ಕಾರಕ್ಕೆ ಮಾತ್ರ ಸಿಗುತ್ತದೆ. 'ಕರ್ನಾಟಕ-ಗವ್-ಇನ್ ಡಾಟ್ ಆನ್‌ಲೈನ್' ಅಂತಿದ್ದರೆ ನಡುವೆ ಇರುವುದು ಅಡ್ಡಗೆರೆ, ಚುಕ್ಕಿ ಅಲ್ಲ. ಅಂಥ ಹೆಸರನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ತಗೋಬಹುದು.

ಮೈಸೂರು ಮಲ್ಲಿಗೆ: ರೈಲು ಟಿಕೆಟ್ ಸೈಟ್‌ನಲ್ಲಿ ಗವ್ ಇಲ್ವಲ್ಲ ಮೇಡಂ?

ಗ್ರಂಥಪಾಲಕಿ: ಒಳ್ಳೆ ಪ್ರಶ್ನೆ. ಐಆರ್‌ಸಿಟಿಸಿ ಸರ್ಕಾರದ ಕಂಪನಿ, ಅದರ ವಿಳಾಸ 'ಕೋ ಡಾಟ್ ಇನ್'. ಬ್ಯಾಂಕುಗಳದ್ದು ಈಗ 'ಬ್ಯಾಂಕ್ ಡಾಟ್ ಇನ್'. 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗಿ ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು.

ಗೋಪಿ ಟೈಲರ್ಸ್: ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಅಸಲಿ ಅಂತ ನಮ್ಮ ಹುಡುಗ ಹೇಳ್ತಾನೆ.

ಗ್ರಂಥಪಾಲಕಿ: ಅಲ್ಲ. ನೀವು ಕಳಿಸಿದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು, ಅಷ್ಟೇ ಅದರ ಅರ್ಥ. ಆ ಕಡೆ ಕೂತಿರುವವನೇ ಕಳ್ಳನಾದರೂ ಬೀಗ ಇರಬಹುದು.

ಸೌಮ್ಯ ಹಾಸನ: ಪಾಸ್‌ಪೋರ್ಟಿಗೆ ಯಾವ ಸೈಟ್?

ಗ್ರಂಥಪಾಲಕಿ: ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್. ದೊಡ್ಡವರಿಗೆ 36 ಪುಟದ್ದು, ತತ್ಕಾಲ್ ಅಲ್ಲದಿದ್ದರೆ 1500 ರೂಪಾಯಿ. ಅರ್ಜಿ ತುಂಬಿಸಿಕೊಂಡು ಜಾಸ್ತಿ ಕೇಳುವ ಸೈಟ್ ಸರ್ಕಾರದ್ದಲ್ಲ.

ಶುಭೋದಯ ರಾಜಣ್ಣ: ಪ್ರತಿ ಭಾರತೀಯನಿಗೂ ಬೇಕಾದ 25 ವೆಬ್‌ಸೈಟ್!! 10 ಗುಂಪಿಗೆ ಕಳಿಸಿ, ಉಚಿತ ಲ್ಯಾಪ್‌ಟಾಪ್ ಪಡೆಯಿರಿ 🙏🙏

ಗ್ರಂಥಪಾಲಕಿ: ರಾಜಣ್ಣನವರೇ, ಯಾವ ಸರ್ಕಾರವೂ ಫಾರ್ವರ್ಡ್ ಮಾಡಿದ್ದಕ್ಕೆ ಲ್ಯಾಪ್‌ಟಾಪ್ ಕೊಡುವುದಿಲ್ಲ. ಅದರಲ್ಲಿರುವ ಲಿಂಕ್ ಯಾರೂ ಒತ್ತಬೇಡಿ. ಅಳಿಸಿ.

ನಿವೃತ್ತ ಮೇಷ್ಟ್ರು: ನಮ್ಮ ತಂದೆಯವರ ಹತ್ತಿರ ಹಳೆಯ ಯಕ್ಷಗಾನ ಪ್ರಸಂಗಗಳ ಪುಸ್ತಕಗಳಿದ್ದವು. ಗೆದ್ದಲು ತಿಂದು ಹಾಳಾದವು. ಅಂಥವು ಇಂಟರ್ನೆಟ್ಟಿನಲ್ಲಿ ಸಿಗುತ್ತವೆಯೇ?

ಗ್ರಂಥಪಾಲಕಿ: ಸಿಗಬಹುದು ಮೇಷ್ಟ್ರೇ. ಇಂಥ ಪ್ರಶ್ನೆ ಬಂದರೆ ನನಗೂ ಖುಷಿ. ಆರ್ಕೈವ್ ಡಾಟ್ ಆರ್ಗ್ ಅಂತ ಇಂಟರ್ನೆಟ್ಟಿನಲ್ಲೇ ಒಂದು ಗ್ರಂಥಾಲಯ ಇದೆ, 1996ರಲ್ಲಿ ಶುರುವಾದದ್ದು, ಓದುವುದಕ್ಕೆ ದುಡ್ಡು ಕೊಡಬೇಕಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳೂ ಅಲ್ಲಿ ರಾಶಿ ಇವೆ. ಕಷ್ಟ ಇರುವುದು ಹುಡುಕುವುದರಲ್ಲಿ. ಆ ಯೋಜನೆಯವರು ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದಂತೆ ಬರೆದಿದ್ದಾರೆ. 'ಯಕ್ಷಗಾನ'ಕ್ಕೆ ಒಂದು ಕಡೆ ಕೆ-ಎಸ್-ಎಚ್, ಇನ್ನೊಂದು ಕಡೆ ಬರೀ ಎಕ್ಸ್ ಇರಬಹುದು. ಮೊದಲು ಕನ್ನಡದಲ್ಲಿ ಹುಡುಕಿ. ಸಿಗದಿದ್ದರೆ ಇಂಗ್ಲಿಷ್ ಅಕ್ಷರ ಅದಲುಬದಲು ಮಾಡುತ್ತಾ ಹೋಗಿ. ಹಳೆಗನ್ನಡ ಕಾವ್ಯ, ವಚನ ಬೇಕಾದರೆ ಕನ್ನಡ ವಿಕಿಸೋರ್ಸ್ ಅನ್ನುವ ಸೈಟ್ ನೋಡಿ. ಪದದ ಅರ್ಥಕ್ಕೆ ಅಲರ್ ಡಾಟ್ ಇಂಕ್ ಚೆನ್ನಾಗಿದೆ, ಒಬ್ಬರೇ ವರ್ಷಗಟ್ಟಲೆ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು.

ಕೋಡರ್ ಕಿರಣ: ಕನ್ನಡದಲ್ಲಿ ಹುಡುಕೋದೇ ವೇಸ್ಟ್. ಇಂಗ್ಲಿಷಲ್ಲಿ ಹಾಕಿ, ಎಲ್ಲಾ ಬರುತ್ತೆ.

ನಿವೃತ್ತ ಮೇಷ್ಟ್ರು: ಕನ್ನಡದ ಪುಸ್ತಕವನ್ನು ಕನ್ನಡದಲ್ಲಿ ಹುಡುಕುವುದು ವ್ಯರ್ಥವೇ?

ಕೋಡರ್ ಕಿರಣ: ಪ್ರಾಕ್ಟಿಕಲ್ ಆಗಿ ಹೇಳಿದೆ ಸರ್, ಸುಮ್ನೆ ಭಾವುಕರಾಗಬೇಡಿ.

ಮೈಸೂರು ಮಲ್ಲಿಗೆ: ನಮ್ಮತ್ತೆಗೆ ಇಂಗ್ಲಿಷೇ ಬರಲ್ಲ. ಅವರು ಮೈಕ್ ಒತ್ತಿ ಕನ್ನಡದಲ್ಲೇ ಕೇಳಿ ಅಡುಗೆ, ಭಜನೆ ಎಲ್ಲಾ ಹುಡುಕ್ತಾರೆ. ಅವರದ್ದೂ ವೇಸ್ಟಾ?

ಕೋಡರ್ ಕಿರಣ: ಅಡುಗೆಗೆ ಪರವಾಗಿಲ್ಲ.

ಮೈಸೂರು ಮಲ್ಲಿಗೆ: ಅಡುಗೆ ಅಂದ್ರೆ ಅಷ್ಟು ಹಗುರವಾ ನಿಮಗೆ?

ಪುಟ್ಟಸ್ವಾಮಿ: ಮೇಡಂ ಜಾತಕ ಕೂಡಿಸೋಕೆ ನಂಬಿಕಸ್ತ ಸೈಟ್ ಹೇಳಿ.

ಬಸವನಗುಡಿ ಬಾಬು: ಪಹಣಿ ಯಾವ ಸೈಟ್?

ಗ್ರಂಥಪಾಲಕಿ: ಮೇಲಿದೆ.

ಶಿರಸಿ ಗೀತಾ: ಮೇಡಂ ಅರ್ಜೆಂಟ್. ಫ್ರಿಜ್ ರಿಪೇರಿಗೆ ಕಸ್ಟಮರ್ ಕೇರ್ ನಂಬರ್ ಹುಡುಕಿ ಮೊದಲು ಬಂದದ್ದಕ್ಕೆ ಫೋನ್ ಮಾಡಿದೆ. 10 ರೂಪಾಯಿ ಕಟ್ಟಿ, ಈ ಆಪ್ ಹಾಕಿಕೊಳ್ಳಿ ಅಂದರು. ಈಗ ಖಾತೆಯಿಂದ 48,000 ಹೋಗಿದೆ. ಮನೆಯವರಿಗೆ ಹೇಳಿಲ್ಲ.

ಗ್ರಂಥಪಾಲಕಿ: ಗೀತಕ್ಕ, ಮೊದಲು ಫೋನಿನ ಡಾಟಾ, ವೈಫೈ ಆಫ್ ಮಾಡಿ. ಪಕ್ಕದ ಮನೆಯವರ ಫೋನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಈಗಲೇ. ಉಳಿದದ್ದು ಆಮೇಲೆ ಓದಿ.

1930 ಆದ ಮೇಲೆ ಬ್ಯಾಂಕಿಗೆ. ನಂಬರ್ ಹುಡುಕಲು ಮತ್ತೆ ಗೂಗಲ್‌ಗೆ ಹೋಗಬೇಡಿ, ಎಟಿಎಂ ಕಾರ್ಡಿನ ಹಿಂದೆ ಇದೆ. ಕಾರ್ಡ್, ಯುಪಿಐ, ನೆಟ್‌ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಿ ಅನ್ನಿ, ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಆ ಆಪಿನ ಹೆಸರು, ಅವರ ಫೋನ್ ನಂಬರ್ ಬರೆದಿಟ್ಟುಕೊಂಡು ಆಪ್ ತೆಗೆಯಿರಿ. ಅದು ನಿಮ್ಮ ಪರದೆಯನ್ನು ಅವರಿಗೆ ತೋರಿಸುವ ಆಪ್. 10 ರೂಪಾಯಿ ಅವರಿಗೆ ಬೇಕಿರಲಿಲ್ಲ. ಅದನ್ನು ಕಟ್ಟುವಾಗ ನೀವು ಒತ್ತುವ ಪಿನ್, ಬರುವ ಓಟಿಪಿ ಬೇಕಿತ್ತು.

ಆತುರ ಯಾಕೆಂದರೆ, ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಜಿಗಿಯುತ್ತದೆ. 1930ಕ್ಕೆ ಹೇಳಿದರೆ ಅದು ಎಲ್ಲಿದೆಯೋ ಆ ಬ್ಯಾಂಕಿನಲ್ಲಿ ತಡೆಹಿಡಿಯಲು ನೋಡುತ್ತಾರೆ. ಕಳ್ಳರು ತೆಗೆದುಕೊಂಡು ಹೋದ ಮೇಲೆ ಕಷ್ಟ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಗ್ರಾಹಕರೇ ಗುಟ್ಟಿನ ವಿವರ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದು. ಹಾಗಾಗಿ ತಿಳಿಸಿದ ಸಮಯ ಮುಖ್ಯ.

ಉಳಿದವರಿಗೆ: ಹುಡುಕಿದಾಗ ಮೊದಲು ಬರುವುದು ಎಷ್ಟೋ ಸಲ ಜಾಹೀರಾತು, 'ಪ್ರಾಯೋಜಿತ' ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಮ್ಯಾಪಿನಲ್ಲಿ ಕಾಣುವ ನಂಬರನ್ನು ಬದಲಿಸಿ ಅಂತ ಯಾರು ಬೇಕಾದರೂ ಸೂಚಿಸಬಹುದು. ಕಂಪನಿಯ ನಂಬರ್ ಬೇಕಾದರೆ ಬಿಲ್ಲು, ವಾರಂಟಿ ಕಾರ್ಡ್ ನೋಡಿ.

ಶುಭೋದಯ ರಾಜಣ್ಣ: ಎಟಿಎಂನಲ್ಲಿ ಪಿನ್ ಉಲ್ಟಾ ಒತ್ತಿದರೆ ಪೊಲೀಸರು ಬರ್ತಾರೆ, ಎಲ್ಲರಿಗೂ ತಿಳಿಸಿ 🙏

ಗ್ರಂಥಪಾಲಕಿ: ಸುಳ್ಳು. ಇಲ್ಲಿ ಒಬ್ಬರ ದುಡ್ಡು ಹೋಗಿದೆ. ದಯವಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ.

ಶುಭೋದಯ ರಾಜಣ್ಣ: ನಾನು ಒಳ್ಳೇದಕ್ಕೇ ಹಾಕಿದ್ದು. ಓದಿದವರಿಗೆ ಅಹಂಕಾರ ಜಾಸ್ತಿ.

ಕೋಡರ್ ಕಿರಣ: ಗೊತ್ತಿಲ್ಲದ ಆಪ್ ಯಾಕ್ ಹಾಕ್ತೀರಾ ಆಂಟಿ? ಬೇಸಿಕ್ ಅಲ್ವಾ?

ನಿವೃತ್ತ ಮೇಷ್ಟ್ರು: ಇಂಗ್ಲಿಷಿನಲ್ಲಿ ಹುಡುಕಿದರೆ ಎಲ್ಲಾ ಬರುತ್ತದೆ ಎಂದಿರಲ್ಲ, ಮರ್ಯಾದೆಯನ್ನೂ ಹುಡುಕಿಕೊಳ್ಳಿ.

ಬಸವನಗುಡಿ ಬಾಬು: ಪಹಣಿ ಲಿಂಕ್ ಕಾಣ್ತಿಲ್ಲ.

ಗ್ರಂಥಪಾಲಕಿ: ಮೇಲಕ್ಕೆ ಹೋಗಿ ನೋಡಿ ಬಾಬು ಅವರೇ.

ಶಿರಸಿ ಗೀತಾ: 1930ರವರು ಬರೆದುಕೊಂಡರು. ಮೆಸೇಜಿನಲ್ಲಿ ಒಂದು ನಂಬರ್ ಬಂದಿದೆ. ಬ್ಯಾಂಕಿಗೂ ಹೇಳಿದೆ.

ಗ್ರಂಥಪಾಲಕಿ: ಒಳ್ಳೆಯದಾಯಿತು. ಆ ನಂಬರ್ ಇಲ್ಲಿ ಹಾಕಬೇಡಿ. ಅದನ್ನು ಇಟ್ಟುಕೊಂಡು 24 ಗಂಟೆಯೊಳಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಪೂರ್ತಿ ದೂರು ತುಂಬಿ. ಮನೆಯವರಿಗೂ ಹೇಳಿಬಿಡಿ, ಓಡಾಟಕ್ಕೆ ಜೊತೆ ಬೇಕಾಗುತ್ತದೆ.

ರಿಕವರಿ ಎಕ್ಸ್‌ಪರ್ಟ್: ಸಿಸ್ಟರ್, ನನ್ನ ಪರಿಚಯದ ಹ್ಯಾಕರ್ ಒಬ್ಬರು 2 ದಿನದಲ್ಲಿ ಹಣ ವಾಪಸ್ ತರಿಸ್ತಾರೆ. ಫೀಸ್ 3,000 ಮಾತ್ರ. ಇನ್‌ಬಾಕ್ಸ್‌ಗೆ ಬನ್ನಿ.

ಗ್ರಂಥಪಾಲಕಿ: ಗೀತಕ್ಕ, ಹೋಗಬೇಡಿ! ಕಳೆದುಕೊಂಡವರನ್ನೇ ಹುಡುಕಿಕೊಂಡು ಬಂದು ಎರಡನೇ ಸಲ ದೋಚುವವರು ಇವರು. ಅಡ್ಮಿನ್, ಇವರನ್ನು ಸೇರಿಸಿದ್ದು ಯಾರು?

ಅಡ್ಮಿನ್: ತೆಗೆದಿದ್ದೇನೆ ಮೇಡಂ. ಲಿಂಕ್ ಮೂಲಕ ಬಂದಿದ್ದರು. ಗುಂಪಿನ ಲಿಂಕನ್ನು ರಾಜಣ್ಣನವರು ಎಲ್ಲಾ ಕಡೆ ಫಾರ್ವರ್ಡ್ ಮಾಡಿದ್ದಾರೆ.

ಶುಭೋದಯ ರಾಜಣ್ಣ ಗುಂಪಿನಿಂದ ಹೊರಹೋದರು.